ಕರೆಂಟು, ಥಂಡಿ ಮತ್ತು ಐದು ಗಿಗಾಹರ್ಟ್ಸ್

ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗಳಲ್ಲಿ ಯಂತ್ರ ಬಿಚ್ಚುವುದು ಹೊಸ ಚಟವೇನಲ್ಲ. ಪಂಪ್‌ಸೆಟ್ಟು, ಪಲ್ಪರು, ಹಳೆಯ ಜೀಪು, ಯಾವುದು ಕೈಕೊಟ್ಟರೂ ಮೆಕ್ಯಾನಿಕ್ ಬರುವ ತನಕ ಕಾದರೆ ಕೆಲಸ ನಿಲ್ಲುತ್ತದೆ. ಆ ಅನಿವಾರ್ಯದಿಂದ ಬೆಳೆದ ಚಟ ಅದು. ಪಕ್ಕದ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾದ ಜೊತೆಗೆ ಕಂಪ್ಯೂಟರನ್ನೂ ಕನ್ನಡ ತಂತ್ರಾಂಶವನ್ನೂ ತಲೆಗೆ ಹಚ್ಚಿಕೊಂಡದ್ದು ಇದೇ ಜಾಯಮಾನ. ಆದ್ದರಿಂದ ಡೆಸ್ಕ್‌ಟಾಪನ್ನು ನಾನೇ ಅಸೆಂಬಲ್ ಮಾಡುತ್ತೇನೆ ಎಂದು ಹೊರಡುವ ಹುಡುಗ ಹುಡುಗಿಯರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅವರು ದುಡ್ಡು ಸುರಿಯುವ ಕ್ರಮದ ಬಗ್ಗೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದಿರಲಿ, ಆನ್‌ಲೈನಿನಲ್ಲಿ ಕೊಂಡದ್ದಿರಲಿ, ಪಟ್ಟಿ ಹೆಚ್ಚುಕಮ್ಮಿ ಒಂದೇ. ಓವರ್‌ಕ್ಲಾಕ್ ಮಾಡಲು ಅಂದರೆ ಕಂಪನಿ ಗೊತ್ತುಮಾಡಿದ ವೇಗ ಮೀರಿ ಓಡಿಸಲು, ಬೀಗ ತೆಗೆದಿರುವ ‘ಕೆ’ ಸರಣಿಯ ಇಂಟೆಲ್ ಪ್ರೊಸೆಸರು, ಅದಕ್ಕೆಂದೇ ದುಬಾರಿ ‘ಝಡ್’ ಚಿಪ್‌ಸೆಟ್ಟಿನ ಬೋರ್ಡು. ಕೆ ಪ್ರೊಸೆಸರಿನ ಜೊತೆ ಕಂಪನಿ ಕೂಲರ್ ಕೊಡುವುದಿಲ್ಲವಾದ್ದರಿಂದ ಬೇರೆಯದೊಂದು ದೊಡ್ಡ ಕೂಲರು. ಆಮೇಲೆ ಗಾಜಿನ ಕ್ಯಾಬಿನೆಟ್ಟು, ಬಣ್ಣದ ದೀಪದ ಫ್ಯಾನುಗಳು. ಉಳಿದ ಚಿಲ್ಲರೆಯಲ್ಲಿ ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಎಸ್‌ಎಂಪಿಎಸ್. ಯುಪಿಎಸ್ ‘ಆಮೇಲೆ ನೋಡೋಣ’. ಅರ್ತಿಂಗ್ ಪಟ್ಟಿಯಲ್ಲಿ ಇರುವುದೇ ಇಲ್ಲ. ಈ ಪಟ್ಟಿಯನ್ನು ಹೇಳಿಕೊಡುವ ವಿಡಿಯೋಗಳು ತಯಾರಾಗುವುದು ಎಸಿ ಹಾಕಿದ, ಒಣಗಿದ, ಕರೆಂಟು ಕದಲದ ಕೋಣೆಗಳಲ್ಲಿ. ಹಾನಬಾಳಿನಲ್ಲೋ ಹೆತ್ತೂರಿನಲ್ಲೋ ಜೂನ್ ತಿಂಗಳಲ್ಲಿ ಆ ಕೋಣೆ ಎಲ್ಲಿಂದ ಬರಬೇಕು?

ಓವರ್‌ಕ್ಲಾಕಿಂಗಿಗೆ ಒಂದು ಒಳ್ಳೆಯ ಕಾಲವಿತ್ತು ಎನ್ನುವುದನ್ನು ಒಪ್ಪಬೇಕು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಅದರ ಸುವರ್ಣಯುಗದ ಚಿಪ್ಪು. ಅದರ ಗುಣಕ 4.5, ಬಸ್ಸಿನ ವೇಗ 66 ಮೆಗಾಹರ್ಟ್ಸ್. ಬೋರ್ಡಿನಲ್ಲಿ ಬಸ್ಸನ್ನು 100ಕ್ಕೆ ಏರಿಸಿದರೆ 300ರ ಚಿಪ್ಪು 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅಗ್ಗದ ಚಿಪ್ಪಿಗೆ ಅರ್ಧದಷ್ಟು ವೇಗ ಪುಕ್ಕಟೆ! ಬಡವನ ಜಾಣತನ ಎಂದು ಅದನ್ನು ಮೆಚ್ಚಬಹುದಿತ್ತು. ಈಗ ಆ ಪುಕ್ಕಟೆ ಉಳಿದಿಲ್ಲ. ಚಿಪ್ಪಿನಿಂದ ಹಿಂಡಬಹುದಾದದ್ದನ್ನೆಲ್ಲ ಟರ್ಬೋ, ಬೂಸ್ಟ್ ಎಂಬ ಹೆಸರಿನಲ್ಲಿ ಕಂಪನಿಯೇ ಹಿಂಡಿ ಕಳಿಸುತ್ತದೆ. ಬಳಕೆದಾರನಿಗೆ ಉಳಿಯುವುದು ಅಲ್ಪ, ಅದಕ್ಕೆ ತೆರುವ ಬೆಲೆ ದೊಡ್ಡದು. ಚಿಪ್ಪು ಕುಡಿಯುವ ವಿದ್ಯುತ್ತು ಆವರ್ತನಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ಎರಡನ್ನೂ ಶೇಕಡಾ 10 ಹೆಚ್ಚಿಸಿ ನೋಡಿ: ವಿದ್ಯುತ್ತು ಮತ್ತು ಶಾಖ ಶೇಕಡಾ 33 ಹೆಚ್ಚುತ್ತವೆ, ವೇಗ ಸಿಕ್ಕರೆ ಶೇಕಡಾ 10.

ಕಂಪನಿಗಳೇ ಈ ಹಿಂಡಾಟದಲ್ಲಿ ಎಡವಿದ್ದೂ ಉಂಟು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಕಾಲಕ್ಕೆ ಮೊದಲೇ ಸವೆಯುತ್ತಿವೆ ಎಂಬುದು ಬಯಲಾಗಿ, 2024ರ ಆಗಸ್ಟಿನಲ್ಲಿ ತಿದ್ದುಪಡಿಯ ಮೈಕ್ರೊಕೋಡ್ ಬಂತು. ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ತಿದ್ದುಪಡಿ ಹಾಕಿಕೊಳ್ಳಲು ಬಯಾಸ್ ಅಪ್‌ಡೇಟ್ ಮಾಡಬೇಕು. ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟು ಹೋದರೆ ಬೋರ್ಡು ಏಳದೇ ಹೋಗಬಹುದು. ಆಗಸ್ಟಿನಲ್ಲಿ, ಮಲೆನಾಡಿನಲ್ಲಿ, ಯುಪಿಎಸ್ ಇಲ್ಲದೆ ಬಯಾಸ್ ಅಪ್‌ಡೇಟ್! ಯಾವ ಓವರ್‌ಕ್ಲಾಕಿಂಗ್ ಸಾಹಸವೂ ಇದಕ್ಕೆ ಸಾಟಿಯಲ್ಲ.

‘ನಮ್ಮಲ್ಲಿ ತಂಪು ಹವೆ ಇದೆಯಲ್ಲ, ಓವರ್‌ಕ್ಲಾಕ್ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ’ ಎನ್ನುವ ವಾದ ಈ ಕಡೆ ಕೇಳಿಬರುತ್ತದೆ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲಿನ ಊರು, ಡಿಸೆಂಬರಿನ ಬೆಳಗಿನಲ್ಲಿ ಕೈ ಸೆಟೆಯುವ ಚಳಿ, ನಿಜ. ಹೊರಗಿನ ಗಾಳಿ ಹತ್ತು ಡಿಗ್ರಿ ತಂಪಾಗಿದ್ದರೆ ಚಿಪ್ಪೂ ಸುಮಾರು ಹತ್ತು ಡಿಗ್ರಿ ತಂಪಾಗಿರುತ್ತದೆ, ಅಷ್ಟೇ. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಸುರಿದು 9 ಗಿಗಾಹರ್ಟ್ಸ್ ದಾಟಿಸುವವರ ಲೋಕ ಬೇರೆ. ನಮ್ಮ ಹವೆ ತಂಪನ್ನು ಕೊಟ್ಟ ಕೈಯಿಂದಲೇ ಥಂಡಿಯನ್ನೂ ಕೊಡುತ್ತದೆ. ಅದಕ್ಕಿಂತ ಮೊದಲು ಕರೆಂಟಿನ ಮಾತು.

ಇಲ್ಲಿ ಕರೆಂಟು ಹೋಗುವುದು ದೊಡ್ಡ ಸಮಸ್ಯೆಯಲ್ಲ. ಅದು ಹೋಗುವ ಮತ್ತು ಬರುವ ರೀತಿ ಸಮಸ್ಯೆ. ತೋಟದ ನೆರಳುಮರಗಳ ನಡುವೆ ಹಾದುಹೋಗುವ ತಂತಿಯ ಮೇಲೆ ಗಾಳಿಮಳೆಗೆ ಕೊಂಬೆ ಬೀಳುತ್ತದೆ. ಆಲೂರು, ಸಕಲೇಶಪುರದಲ್ಲಿ ಕಾಡಾನೆಯೂ ಈ ಇಲಾಖೆಗೆ ಸೇರಿದ್ದು, ಬೈನೆ ಮರವನ್ನು ತಿನ್ನಲೆಂದು ಕೆಡವುವಾಗ ತಂತಿ ಎಲ್ಲಿದೆ ಎಂದು ಅದು ನೋಡುವುದಿಲ್ಲ. ಬರೀ ಫೇಸ್ ಕಡಿದರೆ ಕತ್ತಲೆ, ಅಷ್ಟಕ್ಕೇ ಮುಗಿಯಿತು. ನ್ಯೂಟ್ರಲ್ ಕಡಿದರೆ ಕಥೆ ಬೇರೆ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಪ್ಪಿದಾಗ ಮನೆಗಳು ಎರಡು ಫೇಸುಗಳ ನಡುವೆ ಸಾಲಾಗಿ ಸಿಕ್ಕಿಕೊಳ್ಳುತ್ತವೆ. ಕಡಿಮೆ ಲೋಡಿರುವ ಮನೆಗೆ 230ರ ಬದಲು 400 ವೋಲ್ಟಿನ ಹತ್ತಿರ ನುಗ್ಗಬಹುದು. ‘ಹೈ ವೋಲ್ಟೇಜ್ ಬಂದು ಎಲ್ಲ ಸುಟ್ಟುಹೋಯ್ತು’ ಎಂದು ಊರಲ್ಲಿ ಹೇಳುವುದು ಬಹುಮಟ್ಟಿಗೆ ಇದನ್ನೇ. ಫೆಬ್ರವರಿ, ಮಾರ್ಚಿನಲ್ಲಿ ಇದರ ತದ್ವಿರುದ್ಧ. ಹೂಮಳೆ ಬಾರದಿದ್ದರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಮೋಟಾರುಗಳೆಲ್ಲ ಒಟ್ಟಿಗೆ ಎಳೆಯುತ್ತವೆ, ಮನೆಯ ವೋಲ್ಟೇಜು ಕುಸಿಯುತ್ತದೆ. ಮಳೆ ಬಂದರೆ ಸಿಡಿಲು.

ಈ ಮೂರನ್ನೂ ಮೊದಲು ಎದುರಿಸುವುದು ಎಸ್‌ಎಂಪಿಎಸ್. ಆಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್ 100ರಿಂದ 240 ವೋಲ್ಟಿನ ತನಕ ತಾಳಿಕೊಂಡು ಕೆಲಸ ಮಾಡುತ್ತದೆ. ಕ್ಯಾಬಿನೆಟ್ಟಿನ ಜೊತೆ ಬರುವ, ಮೈಮೇಲೆ 450 ವ್ಯಾಟ್ ಎಂದು ಅಚ್ಚಾದ ಹಗುರ ಡಬ್ಬಿಗಳಿಗೆ ಆ ಶಕ್ತಿಯಿಲ್ಲ. ಕೈಯಲ್ಲಿ ಎತ್ತಿದರೇ ವ್ಯತ್ಯಾಸ ತಿಳಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟು ತಪ್ಪಿದ ಮೇಲೂ ಪೂರ್ತಿ ಲೋಡಿನಲ್ಲಿ 16 ಮಿಲಿಸೆಕೆಂಡಿನಷ್ಟು ಹೊತ್ತು ಉಸಿರು ಹಿಡಿದಿರುತ್ತದೆ. ಮನೆಯ ಇನ್ವರ್ಟರಿನ ಹಿಂದೆ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ಚಿರುವುದು ಇದಕ್ಕಾಗಿ. ಆ ಮೋಡಿನಲ್ಲಿ ಅದು ಬ್ಯಾಟರಿಗೆ ಬೇಗ ಬದಲಾಗುತ್ತದೆ, ಇನ್ನೊಂದರಲ್ಲಿ ತಡ. ಇನ್ವರ್ಟರ್ ಇದ್ದೂ ಕರೆಂಟು ಹೋದಾಗಲೆಲ್ಲ ಸಿಸ್ಟಂ ರೀಸ್ಟಾರ್ಟ್ ಆಗುತ್ತದೆ ಎನ್ನುವವರು ಪ್ರೊಸೆಸರನ್ನು ದೂರುವ ಮೊದಲು ಆ ಸ್ವಿಚ್ಚು ನೋಡಬೇಕು. ಇನ್ವರ್ಟರು ಸೈನ್ ವೇವ್‌ದೋ ಸ್ಕ್ವೇರ್ ವೇವ್‌ದೋ ಎಂಬುದನ್ನೂ ನೋಡಬೇಕು. ಸ್ಕ್ವೇರ್ ವೇವ್ ಜೊತೆ ಪಿಎಫ್‌ಸಿ ಎಸ್‌ಎಂಪಿಎಸ್ ಎಷ್ಟೋ ಸಲ ಹೊಂದುವುದಿಲ್ಲ.

ಅರ್ತಿಂಗ್ ಎಂಬುದಂತೂ ಈ ಹವ್ಯಾಸದ ಅನಾಥ ಶಿಶು. ಕ್ಯಾಬಿನೆಟ್ಟು ಮುಟ್ಟಿದರೆ ಜುಮ್ಮೆನ್ನುತ್ತದೆ, ಟೆಸ್ಟರ್ ಇಟ್ಟರೆ ಮಿಣುಕುತ್ತದೆ. ಎಸ್‌ಎಂಪಿಎಸ್ಸಿನ ಫಿಲ್ಟರ್ ಕೆಪಾಸಿಟರುಗಳು ಸೋರುವ ಅಲ್ಪ ಕರೆಂಟಿಗೆ ನೆಲದ ದಾರಿ ಸಿಗದೆ ಕ್ಯಾಬಿನೆಟ್ಟಿನ ಮೈಯೇ ಮನೆಗೆ ಬರುವ ವೋಲ್ಟೇಜಿನ ಅರ್ಧಕ್ಕೆ ತೇಲುವುದರಿಂದ ಹೀಗಾಗುತ್ತದೆ. ‘ಚಪ್ಪಲಿ ಹಾಕ್ಕೊಂಡು ಮುಟ್ಟು’ ಎಂಬುದು ಮನೆಮನೆಯ ಪರಿಹಾರ. ಅರ್ತ್ ಇಲ್ಲದ ಸ್ಪೈಕ್ ಗಾರ್ಡ್ ಸಿಡಿಲಿನೆದುರು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ತಾಮ್ರದ ದೂರವಾಣಿ ತಂತಿಯ ಕಾಲದಲ್ಲಿ ಸಿಡಿಲು ಫೋನ್ ಲೈನಿನಿಂದ ಮೋಡೆಮ್ಮಿಗೆ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಬೋರ್ಡಿಗೆ ಇಳಿಯುತ್ತಿತ್ತು. ಫೈಬರ್ ಬಂದ ಮೇಲೆ ಆ ಬಾಗಿಲು ಮುಚ್ಚಿದೆ, ಪ್ಲಗ್ಗಿನ ಬಾಗಿಲು ತೆರೆದೇ ಇದೆ. ಉಪ್ಪು, ಇದ್ದಿಲು ಹಾಕಿ ಹೂತ ಪೈಪಿನ ಗುಂಡಿಗೆ ಬೇಸಿಗೆಯಲ್ಲಿ ಒಂದೊಂದು ಕೊಡ ನೀರು ಹಾಕುವುದು ಯಾವ ಬೆಂಚ್‌ಮಾರ್ಕಿನಲ್ಲೂ ಕಾಣದ ಕೆಲಸ.

ಇನ್ನು ಥಂಡಿ. ಆಲೂರಿನಿಂದ ಪಶ್ಚಿಮಕ್ಕೆ, ಬಿಸಿಲೆಯ ಕಡೆಗೆ ಹೋದಂತೆ ಮಳೆ ದಪ್ಪವಾಗುತ್ತದೆ. ಬಟ್ಟೆ, ಚರ್ಮ, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುವ ಮನೆಯಲ್ಲಿ ಕಂಪ್ಯೂಟರಿಗೆ ಮಾತ್ರ ರಿಯಾಯಿತಿ ಸಿಗುವುದಿಲ್ಲ. ವಾರಗಟ್ಟಲೆ ಮುಚ್ಚಿಟ್ಟ ಸಿಸ್ಟಂ ಆನ್ ಮಾಡಿದರೆ ಫ್ಯಾನು ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಬೀರುವಿನಲ್ಲಿ ಬಲ್ಬು ಉರಿಸಿಡುವ ಹಳೆಯ ಬುದ್ಧಿ ಇಲ್ಲಿಗೂ ಸಲ್ಲುತ್ತದೆ. ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ಓಡಿಸಿದರೆ ಯಂತ್ರ ತನ್ನ ಶಾಖದಲ್ಲಿ ತಾನೇ ಒಣಗಿರುತ್ತದೆ. ಬಣ್ಣದ ದೀಪದ ಗಾಜಿನ ಕ್ಯಾಬಿನೆಟ್ಟಿಗೆ ಮೊದಲ ಮಳೆಯ ಸಂಜೆ ರೆಕ್ಕೆಗೆದ್ದಲು ಮುತ್ತಿ, ಅದನ್ನು ತಿನ್ನಲು ಹಲ್ಲಿ ಒಳನುಗ್ಗುವ ಸಂಗತಿಯನ್ನು ಆ ಕ್ಯಾಬಿನೆಟ್ಟು ಮಾಡಿದವರು ಊಹಿಸಿರಲಾರರು.

ದುರಸ್ತಿಯ ವಿಷಯದಲ್ಲಿ ಮನೆಯ ಹವ್ಯಾಸಿ ಅಂಗಡಿಯವನಿಗಿಂತ ಎಷ್ಟೋ ವಾಸಿ ಎಂಬುದು ನನ್ನ ಅಭಿಪ್ರಾಯ. ‘ಬೋರ್ಡ್ ಹೋಗಿದೆ ಸಾರ್’ ಎಂಬ ಅವಸರದ ತೀರ್ಪು ಅವನದಲ್ಲ, ಅವನಿಗೆ ಸಮಯವಿದೆ. ಸರಿಯಾದ ಕ್ರಮ ಸರಳ: ಬೋರ್ಡನ್ನು ಹೊರತೆಗೆದು ರಟ್ಟಿನ ಮೇಲಿಟ್ಟು, ಪ್ರೊಸೆಸರು, ಒಂದೇ ರ‍್ಯಾಮು, ಎಸ್‌ಎಂಪಿಎಸ್ ಇಷ್ಟರಿಂದ ಶುರುಮಾಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಮಳೆಗಾಲದ ‘ಡಿಸ್‌ಪ್ಲೇ ಬರ್ತಿಲ್ಲ’ದಲ್ಲಿ ಮೊದಲ ಅನುಮಾನ ರ‍್ಯಾಮಿನ ಸಂಪರ್ಕದ ಮೇಲಿರಬೇಕು. ಅದನ್ನು ಶಾಲೆಯ ರಬ್ಬರಿನಿಂದ ಉಜ್ಜುವ ಪದ್ಧತಿ ಮಾತ್ರ ನನಗೆ ಹಿಡಿಸದು. ತೆಳುವಾದ ಚಿನ್ನದ ಲೇಪ ಉಜ್ಜಿದಷ್ಟೂ ಹೋಗುತ್ತದೆ, ಐಸೊಪ್ರೊಪಿಲ್ ಆಲ್ಕೊಹಾಲ್ ಅದ್ದಿದ ಬಟ್ಟೆ ಸಾಕು. ದಿನಾಂಕ ಹಿಂದಕ್ಕೆ ಹೋಗಿ ವೆಬ್‌ಸೈಟುಗಳು ತೆರೆಯದಿದ್ದರೆ ಮೂರು ವೋಲ್ಟಿನ ಸಿಆರ್2032 ಬ್ಯಾಟರಿ ಬದಲಿಸಿದರೆ ಮುಗಿಯಿತು. ಇಷ್ಟಕ್ಕೆ ಹಾಸನದ ತನಕ ಕ್ಯಾಬಿನೆಟ್ಟು ಹೊತ್ತು ಹೋಗುವವರನ್ನು ಕಂಡಾಗ ಈ ಹವ್ಯಾಸ ಇನ್ನಷ್ಟು ಹರಡಲಿ ಎನಿಸುತ್ತದೆ.

ವೇಗದ ಆಸೆಯನ್ನು ಪೂರ್ತಿ ಬಿಡಬೇಕಿಲ್ಲ. ರ‍್ಯಾಮಿನ ಎಕ್ಸ್‌ಎಂಪಿ ಆನ್ ಮಾಡದೆ 3200ರ ರ‍್ಯಾಮನ್ನು 2133ರಲ್ಲೋ 2666ರಲ್ಲೋ ಓಡಿಸುತ್ತಿರುವವರು ಬಹಳ ಮಂದಿ. ಅದು ಕೊಂಡದ್ದನ್ನು ಬಳಸಿಕೊಳ್ಳುವ ಮಾತು, ಮಾಡಲೇಬೇಕು. ಪ್ರೊಸೆಸರಿನ ವೋಲ್ಟೇಜು ಇಳಿಸುವ ಅಂಡರ್‌ವೋಲ್ಟಿಂಗ್, ಎಎಂಡಿ ರೈಜನ್‌ಗಳಲ್ಲಿರುವ ಇಕೋ ಮೋಡ್ ಇನ್ನೂ ಜಾಣತನದವು: ವೇಗ ಸ್ವಲ್ಪ ತಗ್ಗಬಹುದು, ಶಾಖ ಬಹಳ ಇಳಿಯುತ್ತದೆ, ಯುಪಿಎಸ್ ಹೆಚ್ಚು ಹೊತ್ತು ಬರುತ್ತದೆ. ತೋಟದ ಟ್ಯಾಲಿ ಲೆಕ್ಕಕ್ಕೆ, ಮಕ್ಕಳ ಓದಿಗೆ ಕಚೇರಿಗಳಿಂದ ಹೊರಬಿದ್ದ ಹಳೆಯ ಬ್ರಾಂಡೆಡ್ ಡೆಸ್ಕ್‌ಟಾಪು ಧಾರಾಳವಾಯಿತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ, ಆದ್ದರಿಂದ ಇಂಟೆಲ್‌ನಲ್ಲಿ 8ನೇ ತಲೆಮಾರಿಗಿಂತ ಹಳೆಯದಾದರೆ ಲಿನಕ್ಸ್ ಹಾಕಿಕೊಳ್ಳುವುದು ಕ್ಷೇಮ. ಗಡಿಯಾರ ಏರಿಸಿ ನೋಡಲೇಬೇಕೆಂಬ ಹಟವಿದ್ದವರು ಹಳೆಯ ಬೋರ್ಡೊಂದನ್ನು ಅಗ್ಗಕ್ಕೆ ಕೊಂಡು, ಡಿಸೆಂಬರಿನ ಒಣ ಹವೆಯಲ್ಲಿ, ಸುಟ್ಟರೂ ಕಲಿತಂತಾಯಿತು ಎಂದು ಮಾಡಲಿ, ಮನೆಯ ಲೆಕ್ಕಪತ್ರವಿರುವ ಯಂತ್ರದ ಮೇಲೆ ಬೇಡ.

ಕೆ ಪ್ರೊಸೆಸರು, ಝಡ್ ಬೋರ್ಡು, ದೊಡ್ಡ ಕೂಲರುಗಳಿಗೆಂದು ತೆಗೆದಿಟ್ಟ ಹೆಚ್ಚುವರಿ ದುಡ್ಡು ಒಂದು ಒಳ್ಳೆಯ ಎಸ್‌ಎಂಪಿಎಸ್ಸಿಗೆ, ವೋಲ್ಟೇಜು ಮಿತಿಮೀರಿದಾಗ ಕಡಿಯುವ ಕಟಾಫಿಗೆ, ಅರ್ತಿಂಗಿಗೆ ಹೋಗಲಿ. ಬರುವ ಮಳೆಗಾಲಕ್ಕೆ ಮೊದಲು ಸಿಸ್ಟಂ ಕಟ್ಟುವವರು ಎಲೆಕ್ಟ್ರೀಷಿಯನ್‌ನನ್ನು ಮೊದಲು ಕರೆಸಿ, ಪಾರ್ಸೆಲ್ಲನ್ನು ಆಮೇಲೆ ಬಿಚ್ಚಿ.