ಕೋಡಂಗಿ ವೇಷಕ್ಕೆ ಮಾತಿಲ್ಲ

ಕನ್ನಡದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಸಿನಿಮಾ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ‘ಕಿರಿಕ್ ಪಾರ್ಟಿ’. 2016ರ ಡಿಸೆಂಬರ್ 30ಕ್ಕೆ ತೆರೆಗೆ ಬಂದದ್ದು. ನಿರ್ದೇಶನ ರಿಷಬ್ ಶೆಟ್ಟಿ, ನಾಯಕ ರಕ್ಷಿತ್ ಶೆಟ್ಟಿ. ಇಬ್ಬರೂ ನಮ್ಮ ಕಡೆಯವರೇ. ರಕ್ಷಿತ್ ಅಂತೂ ಕಾರ್ಕಳದ ನಿಟ್ಟೆಯಲ್ಲಿ ಬಿಇ ಓದಿದವರು. ಹಾಗಾಗಿ ಹೆಬ್ರಿಯಂಥ ಊರಿಂದ ಹೋಗಿ ಹಾಸ್ಟೆಲ್ ಸೇರಿದ ನನ್ನಂಥವನು ಆ ಸಿನಿಮಾದಲ್ಲಿ ತನ್ನನ್ನು ಹುಡುಕಿಕೊಳ್ಳುವುದು ಸಹಜ. ಮೂರು ಸಲ ನೋಡಿದ್ದೇನೆ, ಪ್ರತಿ ಸಲವೂ ನಕ್ಕಿದ್ದೇನೆ. ಆದರೆ ನಾನು ಅಲ್ಲಿ ಸಿಕ್ಕಿಲ್ಲ.

ಸಿನಿಮಾ ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ. ಸೀನಿಯರ್‌ಗಳ ಕಾಟ, ಹಾಸ್ಟೆಲ್ ರೂಮಿನ ಹರಟೆ, ಎಲ್ಲರೂ ದುಡ್ಡು ಹಾಕಿ ತಂದ ಹಳೇ ಕಾಂಟೆಸ್ಸಾ ಕಾರು, ಎಲ್ಲಕ್ಕೂ ಜೀವ ಇದೆ. ತಕರಾರು ಇರುವುದು ಕ್ಯಾಮೆರಾ ಯಾರ ಪಕ್ಕ ನಿಂತಿದೆ ಎನ್ನುವುದರಲ್ಲಿ. ಅದು ಗದ್ದಲದ ಗುಂಪಿನ ಪಕ್ಕ ನಿಂತಿದೆ. ಕರ್ಣನಿಗೆ ಕಾಲೇಜಿಗೆ ಕಾಲಿಟ್ಟ ಕೂಡಲೇ ಗ್ಯಾಂಗು ಸಿಗುತ್ತದೆ. ಯಾರೂ ಗೊತ್ತಿಲ್ಲದ ಜಾಗದಲ್ಲಿ ಒಬ್ಬನೇ ಇರುವುದೇ ಮೊದಲ ವರ್ಷದ ದೊಡ್ಡ ಕಷ್ಟ. ಅದು ಇಲ್ಲಿ ಶುರುವಾಗುವ ಮೊದಲೇ ಮುಗಿದಿರುತ್ತದೆ. ಸಾನ್ವಿ ಸತ್ತ ಮೇಲೆ ಇನ್ನು ಇವನು ಸುಮ್ಮನಾಗುತ್ತಾನೆ, ಮೌನ ಹೇಗಿರುತ್ತದೆ ನೋಡೋಣ ಅಂದುಕೊಳ್ಳುವಷ್ಟರಲ್ಲಿ ಕಥೆ ಅಂತಿಮ ವರ್ಷಕ್ಕೆ ಹಾರುತ್ತದೆ. 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ಯದು ಒಂದೇ ರಾತ್ರಿಯ ಕಥೆ, ಅಲ್ಲೂ ಉಸಿರು ಬಿಡದಷ್ಟು ಗಲಾಟೆ. ನಮ್ಮ ಕ್ಯಾಂಪಸ್ ಸಿನಿಮಾಗಳಲ್ಲಿ ಮಾತಾಡದ ಹುಡುಗ ಇದ್ದರೂ ಕಾಲೆಳೆಸಿಕೊಳ್ಳಲಿಕ್ಕೆ ಮಾತ್ರ.

ನಿಜದಲ್ಲಿ ಅವನ ವರ್ಷ ಹೇಗಿರುತ್ತದೆ? ನನ್ನದನ್ನೇ ಹೇಳುತ್ತೇನೆ. ನಮ್ಮದು ತುಳು ಮನೆ. ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯಲ್ಲಿ ಕುಂದಾಪುರದ ಕನ್ನಡದ ಗಾಳಿ. ಕಾಲೇಜು ಘಟ್ಟದ ಮೇಲೆ. ಮೊದಲ ದಿನವೇ ಎದ್ದು ನಿಂತು ಇಂಗ್ಲಿಷಿನಲ್ಲಿ ಪರಿಚಯ ಹೇಳಬೇಕು. ಇಂಗ್ಲಿಷ್ ಬಾರದು ಸರಿ, ಕನ್ನಡದಲ್ಲಾದರೂ ಮಾತಾಡೋಣ ಅಂದರೆ ‘ಎಂತ ಮಾರಾಯ’ ಅಂದಕೂಡಲೇ ಸುತ್ತ ನಗು. ಹೀಗೆ ಒಬ್ಬ ಹುಡುಗ ಎರಡೆರಡು ಭಾಷೆಯಲ್ಲಿ ಬಾಯಿ ಮುಚ್ಚುತ್ತಾನೆ. ಯಾರ ಪಕ್ಕ ಕೂರುವುದು ಅನ್ನುವ ಚಿಂತೆಗೆ ಮೆಸ್ಸಿಗೆ ಎಲ್ಲರೂ ಎದ್ದ ಮೇಲೆ ಹೋಗುತ್ತಾನೆ. ಶನಿವಾರ ಬಂದರೆ ಆಗುಂಬೆ ಘಾಟಿಯ ಮಿನಿ ಬಸ್ಸು ಹತ್ತುತ್ತಾನೆ. ಇದರಲ್ಲಿ ಜೋಕೂ ಇಲ್ಲ, ಫೈಟೂ ಇಲ್ಲ. ಹಾಗಂತ ಕಥೆ ಇಲ್ಲವೇ?

ನಮ್ಮೂರಿನ ಕಲೆಗೆ ಈ ಹುಡುಗ ಗೊತ್ತಿದ್ದ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗ ಅಂತ ಇದೆ. ಮೇಳಕ್ಕೆ ಹೊಸತಾಗಿ ಸೇರಿದವನು ಅಲ್ಲಿ ಕೋಡಂಗಿಯಾಗಿ ಗೆಜ್ಜೆ ಕಟ್ಟುತ್ತಾನೆ. ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷ. ಊರಲ್ಲಿ ಕೋಡಂಗಿ ಅಂದರೆ ಬೈಗುಳ. ಚೌಕಿಯಲ್ಲಿ ಅದು ಮೊದಲ ಮೆಟ್ಟಿಲು. ಅವನು ಕುಣಿದರೆ ಸಾಕು, ಮಾತಾಡಬೇಕಿಲ್ಲ. ಉಳಿದ ರಾತ್ರಿ ದೊಡ್ಡ ವೇಷಧಾರಿಗಳ ಅರ್ಥಗಾರಿಕೆ ಕೇಳುತ್ತಾ ಕೂರಬಹುದು. ಮೊದಲ ದಿನವೇ ಅವನ ಕೈಯಲ್ಲಿ ಕೌರವನ ಅರ್ಥ ಹೇಳಿಸುವ ಭಾಗವತರನ್ನು ಯಾರಾದರೂ ಕಂಡಿದ್ದೀರಾ? ಹೊಸಬನ ಮೌನವನ್ನು ಆ ವ್ಯವಸ್ಥೆ ಕೊರತೆ ಅಂತ ಎಣಿಸಲಿಲ್ಲ. ಅದು ಕಲಿಯುವ ಹೊತ್ತು ಅಂತ ಎಣಿಸಿತು.

ಕಾಲೇಜಿನಲ್ಲೂ ಕೋಡಂಗಿ ವೇಷ ಒಂದಿತ್ತು, ಯಾರೂ ಅದನ್ನು ಹಾಗೆ ಕರೆಯುತ್ತಿರಲಿಲ್ಲ ಅಷ್ಟೇ. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎರಡು ಪಾಲು. ನಾನು ಓದುವಾಗ ಅದರಲ್ಲಿ ಒಂದು ವರ್ಕ್‌ಶಾಪ್. ಕಬ್ಬಿಣದ ಪ್ಲೇಟನ್ನು ವೈಸಿಗೆ ಸಿಕ್ಕಿಸಿ ಗಂಟೆಗಟ್ಟಲೆ ಉಜ್ಜಬೇಕಿತ್ತು. ಎರಡು ತುಂಡು ಸಂದಿಲ್ಲದೆ ಕೂರುತ್ತದಾ ಅಂತ ಬೆಳಕಿಗೆ ಹಿಡಿದು ನೋಡಬೇಕಿತ್ತು. ಬ್ಯಾಚು ರೋಲ್ ನಂಬರಿನ ಪ್ರಕಾರ, ಆದ್ದರಿಂದ ಗೆಳೆಯನನ್ನು ಹುಡುಕುವ ಕಷ್ಟ ಇಲ್ಲ. ಎದುರಿನವನು ‘ಸ್ವಲ್ಪ ಹಿಡ್ಕೊಳ್ತೀಯಾ?’ ಅಂದ. ಹಿಡಿದುಕೊಂಡೆ. ಆ ಕಾಲೇಜಿನಲ್ಲಿ ನನ್ನ ಮೊದಲ ಸ್ನೇಹ ಅದು. ಪಾರ್ಟಿಯಲ್ಲಿ ಹುಟ್ಟಿದ್ದಲ್ಲ, ಮೈಕಿನ ಮುಂದೆ ಹುಟ್ಟಿದ್ದಲ್ಲ.

ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮ ಹೊಸ ವಿದ್ಯಾರ್ಥಿಗಳಿಗೆ ಮೂರು ವಾರದ ಇಂಡಕ್ಷನ್ ಹೇಳಿತು. ಸಣ್ಣ ಗುಂಪು, ಗುಂಪಿಗೊಬ್ಬ ಮಾರ್ಗದರ್ಶಕ ಅಧ್ಯಾಪಕ, ಕಲೆ, ಆಟ. ಕಾಗದದ ಮೇಲೆ ಇದು ಪೂರ್ವರಂಗವೇ. ಆದರೆ ಇತ್ತೀಚೆಗೆ ಕಾಲೇಜು ಸೇರಿದ ನಮ್ಮ ಸಂಬಂಧಿಕರ ಮಕ್ಕಳನ್ನು ಕೇಳಿದರೆ ಅವರಿಗೆ ನೆನಪಿರುವುದು ಆಡಿಟೋರಿಯಂ, ಉದ್ದುದ್ದ ಭಾಷಣ, ಮತ್ತೆ ಅದೇ ‘ನಿಮ್ಮ ಬಗ್ಗೆ ಹೇಳಿ’.

‘ಹಾಗಾದರೆ ಮಾತು ಕಲಿಯುವುದೇ ಬೇಡವಾ? ನಾಳೆ ಇಂಟರ್‌ವ್ಯೂ ಇಲ್ಲವಾ?’ ಅಂತ ನೀವು ಕೇಳಬಹುದು. ಇದೆ. ನನ್ನ ಕೆಲಸದಲ್ಲಿ ದಿನಾ ಬೆಳಿಗ್ಗೆ ಎದ್ದು ನಿಂತು ನಿನ್ನೆ ಏನು ಮಾಡಿದೆ ಅಂತ ಹೇಳಬೇಕು, ಹೇಳುತ್ತೇನೆ. ಕೋಡಂಗಿಯೂ ಕೊನೆತನಕ ಕೋಡಂಗಿಯಾಗಿ ಇರುವುದಿಲ್ಲವಲ್ಲ. ಪ್ರಶ್ನೆ ಇರುವುದು ಕ್ರಮದ್ದು: ಮೊದಲು ಕೈಗೆ ಕೆಲಸ, ಪಕ್ಕಕ್ಕೊಬ್ಬ ಜೊತೆಗಾರ, ಆಮೇಲೆ ಮಾತು. ಮಾತನ್ನೇ ಮೊದಲು ಕೇಳಿದರೆ, ಇದ್ದವನು ಮೆರೆಯುತ್ತಾನೆ, ಇಲ್ಲದವನು ಬಸ್ಸು ಹತ್ತುತ್ತಾನೆ. ಕೆಲವರು ಹೋದವರು ವಾಪಸ್ ಬರುವುದಿಲ್ಲ.

ಕಾಲಮಿತಿಯ ಆಟಗಳು ಬಂದ ಮೇಲೆ ಯಕ್ಷಗಾನದಲ್ಲೂ ಪೂರ್ವರಂಗ ಸವೆದುಹೋಗಿದೆ. ನೇರ ಪ್ರಸಂಗಕ್ಕೇ ಇಳಿಯುತ್ತಾರೆ. ‘ಕಿರಿಕ್ ಪಾರ್ಟಿ’ ಮಾಡಿದ್ದೂ ಅದನ್ನೇ. ಗದ್ದಲದ ಪ್ರಸಂಗವನ್ನು ಅದಕ್ಕಿಂತ ಚೆನ್ನಾಗಿ ಆಡಿಸುವುದು ಕಷ್ಟ. ಆದರೆ ಕರಾವಳಿಯ ಈ ಹುಡುಗರು ಇನ್ನೊಮ್ಮೆ ಕಾಲೇಜಿನ ಕಥೆ ಎತ್ತಿಕೊಂಡರೆ, ಎಲ್ಲರೂ ಎದ್ದುಹೋದ ಮೇಲೆ ಮೆಸ್ಸಿಗೆ ಬರುವವನ ಪಕ್ಕ ಹತ್ತು ನಿಮಿಷ ಕ್ಯಾಮೆರಾ ಇಡಲಿ. ಅವನು ಏನೂ ಹೇಳದೆ ಇರಬಹುದು. ಹೇಳಿಸಲೂ ಬೇಡಿ.