ಬಯಲು ಯಾರದು?

ನಗರದ ನಕ್ಷೆಯೂ ಒಂದು ಕೃತಿಯೇ. ಅದಕ್ಕೂ ಒಂದು ಧೋರಣೆ ಇರುತ್ತದೆ. ಕತೆ, ಕವಿತೆ ಯಾರ ಪರ ಅಂತ ಕೇಳಿ ಓದುವ ನಾವು ಈ ಕೃತಿಯನ್ನು ಮಾತ್ರ ಇಂಜಿನಿಯರುಗಳ ಪಾಲಿಗೆ ಬಿಟ್ಟು ಕೂತಿದ್ದೇವೆ. ಇದು ತಪ್ಪು.

ನಕ್ಷೆ ಮಾತಾಡೋದು ಬಣ್ಣದಲ್ಲಿ. ಮನೆಗೆ ಹಳದಿ, ಅಂಗಡಿಗೆ ನೀಲಿ, ಪಾರ್ಕಿಗೆ ಹಸಿರು. ಹಸಿರು ಎಷ್ಟು ಎಕರೆ ಅಂತ ಅದು ಹೇಳುತ್ತದೆ. ಆ ಹಸಿರಲ್ಲಿ ಕೂರುವವರು ಯಾರು, ಗುಡಿಸುವವರು ಯಾರು ಅಂತ ಹೇಳುವುದಿಲ್ಲ. ನಮ್ಮ ವಿಮರ್ಶೆ ಅಲ್ಲಿಂದ ಶುರುವಾಗಬೇಕು.

ನಮ್ಮವ್ವ ಒಂದು ಪಾರ್ಕಿನಲ್ಲಿ ಎಲೆ ಗುಡಿಸುತ್ತಿದ್ದಳು. ವಾಕಿಂಗಿನವರು ಬರೋದ್ರೊಳಗೆ ಮುಗಿಸಬೇಕು. ಒಂದಿನ ಸುಸ್ತಾಗಿ ಕಲ್ಲುಬೆಂಚಿನ ಮೇಲೆ ಕೂತಳು. "ಕೆಲ್ಸ ಆಯ್ತಲ್ಲ, ಎದ್ದು ಹೋಗಮ್ಮ" ಅಂದರು. ಎದ್ದು ಬಂದಳು. ಮನೇಲಿ ಅದನ್ನು ನಗ್ತಾ ಹೇಳಿದಳು. ಡಿಗ್ರಿ ಓದುತ್ತಿದ್ದ ನಮಗೆ ನಗು ಬರಲಿಲ್ಲ. ಆ ಪಾರ್ಕಿನ ಯಾವ ಬೋರ್ಡಿನಲ್ಲೂ ಜಾತಿ ಬರೆದಿರಲಿಲ್ಲ. ಬರೆಯದೇ ಓದಿಸುವ ವಿದ್ಯೆ ಈ ವ್ಯವಸ್ಥೆಗೆ ಚೆನ್ನಾಗಿ ಗೊತ್ತು.

'ಸಾರ್ವಜನಿಕ' ಅನ್ನುವ ಮಾತು ಕಾಗದದ ಮೇಲೆ ಸಿಕ್ಕಿದ ಮಾತ್ರಕ್ಕೆ ಕೈಗೆ ಸಿಗುವುದಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿವೆ ಅಂತ ಮುಂಬಯಿ ಶಾಸನಸಭೆ ಗೊತ್ತುವಳಿ ಮಾಡಿದ್ದು 1923ರಲ್ಲಿ. ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಲು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆಯಬೇಕಾಗಿ ಬಂದದ್ದು 1927ರಲ್ಲಿ. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರುಗಳು ಒಂದೊಂದಾಗಿ ಬಂದಿರುವುದು ಸುಮ್ಮನೆ ಅಲ್ಲ.

ಈಗ ನಮ್ಮೂರಿಗೆ ಬರೋಣ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ತುಂಗೆಯ ದಂಡೆಯಲ್ಲಿ ನಡೆದಾಡುವ ಹಾದಿ ಬಂತು. ಹಳೇ ಬಡಾವಣೆಗಳ ಕನ್ಸರ್ವೆನ್ಸಿಗಳಿಗೂ ಹೊಸ ರೂಪ ಬಂತು. ಗಬ್ಬು ನಾರುತ್ತಿದ್ದ ಓಣಿ ಚೊಕ್ಕಟವಾದರೆ ಯಾರಿಗೆ ಬೇಡ? ನಮಗೂ ಖುಷಿಯೇ.

ಆದರೆ ಈ ಕನ್ಸರ್ವೆನ್ಸಿ ಯಾಕೆ ಹುಟ್ಟಿತು? ಮನೆಯ ಮುಂಬಾಗಿಲು ಬೀದಿಗೆ, ಹಿತ್ತಿಲ ಕಕ್ಕಸು ಈ ಓಣಿಗೆ. ಮಲ ಬಾಚುವವರು ಯಾರ ಕಣ್ಣಿಗೂ ಬೀಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ ಬಿಟ್ಟ ದಾರಿ ಅದು. ಅಸ್ಪೃಶ್ಯತೆಯನ್ನು ಅಳತೆ ಹಾಕಿ, ಗೆರೆ ಎಳೆದು ಕಟ್ಟಿದ ರಸ್ತೆ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ನಿಲ್ಲಿಸಲು ಹೊರಟವರು ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಮತ್ತೆ ಇನ್ನೊಂದು 2013ರಲ್ಲಿ. ಓಣಿಗೆ ಈಗ ಕಲ್ಲು ಹಾಸಿದೆ. ಆ ಓಣಿಯಲ್ಲಿ ನಡೆದವರ ಮೊಮ್ಮಕ್ಕಳು ಇವತ್ತೂ ಪೊರಕೆ ಹಿಡಿದೇ ಊರು ಗುಡಿಸುತ್ತಿದ್ದರೆ, ಬದಲಾದದ್ದು ನೆಲ ಮಾತ್ರ, ನಕ್ಷೆ ಅಲ್ಲ.

ಹಾಗಾದರೆ ನಕ್ಷೆಗೆ ನಾವು ಕೇಳಬೇಕಾದ್ದೇನು? ಪೌರಕಾರ್ಮಿಕರ ಕೇರಿಯಿಂದ ಪಾರ್ಕಿಗೆ ಎಷ್ಟು ಹೆಜ್ಜೆ? ಮಂಡಿಯಲ್ಲಿ ಮೂಟೆ ಹೊತ್ತವನಿಗೆ ನೆರಳು ಬೇಕಾದದ್ದು ಮಧ್ಯಾಹ್ನ. ಆಗ ಗೇಟಿಗೆ ಬೀಗ ಯಾಕೆ? ನಸುಕಿಗೇ ಬೀದಿಗಿಳಿಯುವ ಹೆಂಗಸಿಗೆ ನೀರಿರುವ ಪಾಯಖಾನೆ ಎಲ್ಲಿ? ಒಂದೇ ಕೋಣೆಯ ಮನೆಯ ಹುಡುಗಿ ಪರೀಕ್ಷೆಗೆ ಓದೋಕೆ ದೀಪವಿರುವ ವಾಚನಾಲಯ ಎಲ್ಲಿ? ಸತ್ತರೆ ಹೂಳೋಕೆ ಜಾಗ? ಶಿವಮೊಗ್ಗ, ಭದ್ರಾವತಿ ಎರಡೂ ಬೆಳೆಯುತ್ತಾ ಒಂದನ್ನೊಂದು ಮುಟ್ಟುತ್ತಿವೆ. ಹೊಸ ಲೇಔಟಿನ ಜಾಹೀರಾತಿನಲ್ಲಿ ಪಾರ್ಕು ಇರುತ್ತದೆ. ಸೈಟು ಕೊಳ್ಳಲಾಗದವನ ಹೆಸರು ಯಾವ ಬಣ್ಣದಲ್ಲೂ ಇರುವುದಿಲ್ಲ.

ಶಿವಮೊಗ್ಗದ ಹಳೇ ಜೈಲಿನ ಜಾಗ ಫ್ರೀಡಂ ಪಾರ್ಕ್ ಆಯಿತು. ಆಮೇಲೆ ಅದಕ್ಕೆ ಅಲ್ಲಮಪ್ರಭುವಿನ ಹೆಸರು ಬಂತು. ಅಲ್ಲಮ ಇದೇ ಜಿಲ್ಲೆಯ ಬಳ್ಳಿಗಾವಿಯವನು, ಬಯಲನ್ನು ಹುಡುಕಿದವನು. ಹೆಸರಿಟ್ಟದ್ದು ಸರಿಯಾಗಿದೆ. ಆದರೆ ಅವನ ಬಯಲಿಗೆ ಗೇಟಿರಲಿಲ್ಲ, ವೇಳಾಪಟ್ಟಿ ಇರಲಿಲ್ಲ, ಎದ್ದು ಹೋಗು ಅನ್ನುವವನೂ ಇರಲಿಲ್ಲ.

ಅವ್ವನಿಗೆ ಈಗ ಮಂಡಿನೋವು. ಗುಡಿಸುವ ಕೆಲಸ ಬಿಟ್ಟಿದ್ದಾಳೆ. ಪಾರ್ಕಿಗೆ ಹೋಗೋಣ ಬಾ ಅಂದರೆ, "ಅಲ್ಲೇನ್ ಕೆಲ್ಸ ನಂಗೆ?" ಅಂತಾಳೆ. ಯಾವ ಕೆಲಸವೂ ಇಲ್ಲದೆ ಅವಳು ಆ ಬೆಂಚಿನ ಮೇಲೆ ಕೂರುವ ದಿನ ಬರಬೇಕು. ಅಲ್ಲಿಯವರೆಗೆ ನಕ್ಷೆಯ ಹಸಿರನ್ನು ನಾವು ಒಪ್ಪುವುದಿಲ್ಲ.