ಊರು ಹೇಳುವುದು ರಿಬ್ಬನ್

ವಿಶ್ವಸಂಸ್ಥೆಯ ಸೇನಾ ಪದಕಗಳ ಸಂಗ್ರಹಕ್ಕೆ ಹೊಸದಾಗಿ ಕೈಹಾಕಿದವರ ಮೊದಲ ದೂರು: ಎಲ್ಲವೂ ಒಂದೇ ಥರ! ದೂರು ಸುಳ್ಳೇನಲ್ಲ. ಕಂಚಿನ ಬಿಲ್ಲೆಯ ಮುಂಬದಿಯಲ್ಲಿ ಆಲಿವ್ ಕೊಂಬೆಗಳ ನಡುವೆ ಭೂಮಿಯ ನಕ್ಷೆ, ಅದರ ಮೇಲೆ ‘ಯುಎನ್’. ಹಿಂಬದಿಯಲ್ಲಿ ಶಾಂತಿಯ ಸೇವೆಯನ್ನು ಸ್ಮರಿಸುವ ಒಂದು ಸಾಲು. ಕಾಂಗೋಗೂ ಅದೇ, ಸೈಪ್ರಸ್‌ಗೂ ಅದೇ.

ಊರು ಗೊತ್ತಾಗುವುದು ರಿಬ್ಬನ್ನಿನಿಂದ. ಕೊಡಗಿನ ಜನರಲ್ ತಿಮ್ಮಯ್ಯ 1964ರಲ್ಲಿ ಸೈಪ್ರಸ್‌ನಲ್ಲಿದ್ದ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಹೋಗಿ, ಮರುವರ್ಷ ಅಲ್ಲೇ ತೀರಿಕೊಂಡರು. ಆ ಪಡೆಯ ರಿಬ್ಬನ್ನಿಗೆ ನಡುವೆ ಬಿಳಿ, ಇಕ್ಕೆಲದಲ್ಲಿ ಕಡುನೀಲಿ ಗೆರೆ, ಅಂಚಿಗೆ ತಿಳಿನೀಲಿ. ಸೂಯೆಜ್ ಬಿಕ್ಕಟ್ಟಿನ ನಂತರ ಈಜಿಪ್ಟಿಗೆ ಹೋದ ತುರ್ತು ಪಡೆಯದು ಸಿನಾಯ್ ಮರಳಿನ ಬಣ್ಣ. ಆ ಪದಕದ ಬಿಲ್ಲೆಯೂ ಬೇರೆ: ‘ಯುಎನ್’ ಬದಲು ‘ಯುಎನ್ಇಎಫ್’ ಎಂದಿದೆ.

ಕಾಂಗೋ ಕಥೆ ಇನ್ನೂ ಸ್ವಾರಸ್ಯದ್ದು. ಮೊದಮೊದಲು ಪ್ಯಾಲೆಸ್ಟೈನಿನಲ್ಲಿದ್ದ ವಿಶ್ವಸಂಸ್ಥೆಯ ವೀಕ್ಷಕರ ನೀಲಿ-ಬಿಳಿ ರಿಬ್ಬನ್ನಿಗೇ ‘ಕಾಂಗೋ’ ಎಂಬ ಲೋಹದ ಪಟ್ಟಿ ಸೇರಿಸಿ ಕೊಟ್ಟರು. 1963ರಲ್ಲಿ ಪ್ರತ್ಯೇಕ ಹಸಿರು ರಿಬ್ಬನ್ ಬಂತು. ಸಂಗ್ರಹ ಪೂರ್ತಿಯಾಗಬೇಕೆಂದರೆ ಎರಡೂ ಬೇಕು.

ಇವೆಲ್ಲಕ್ಕಿಂತ ರಸಿಕರು ಹೆಚ್ಚು ಹೊತ್ತು ಕೈಯಲ್ಲಿಟ್ಟು ನೋಡುವುದು ಕೊರಿಯಾ ಯುದ್ಧದ ಪದಕವನ್ನು. 1950ರ ಡಿಸೆಂಬರ್ 12ರಂದು ವಿಶ್ವಸಂಸ್ಥೆಯ ಮಹಾಸಭೆ ಮಂಜೂರು ಮಾಡಿದ ಈ ಪದಕಕ್ಕೆ ನೀಲಿ-ಬಿಳಿಯ 17 ಗೆರೆಗಳ ರಿಬ್ಬನ್. ಹೋರಾಡಿದವರ ಭಾಷೆಗಳಲ್ಲೇ ಅಚ್ಚು ಹಾಕಿಸಿದ್ದು ಇದರ ಹೆಚ್ಚುಗಾರಿಕೆ: ಗ್ರೀಕ್, ಟರ್ಕಿಶ್, ಥಾಯ್, ಇಥಿಯೋಪಿಯಾದ ಅಮ್ಹಾರಿಕ್. ಅಮ್ಹಾರಿಕ್ ಲಿಪಿಯ ಪದಕ ಹರಾಜಿಗೆ ಬಂದರೆ ಕೈಗಳು ಬೇಗ ಮೇಲೇಳುತ್ತವೆ.

ಭಾರತ ಆ ಯುದ್ಧಕ್ಕೆ ಹೋರಾಡುವ ಪಡೆ ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್‌ನ ತಂಡವೊಂದು 1951ರ ಮಾರ್ಚ್‌ನಲ್ಲಿ ಅಮೆರಿಕನ್ ಛತ್ರಿಪಡೆಯ ಜೊತೆ ಮುನ್ಸಾನ್‌ನಲ್ಲಿ ವಿಮಾನದಿಂದ ಧುಮುಕಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು.

ಕೊರಿಯಾ ಪದಕ ಕೊಳ್ಳುವವರು ಅದರ ಅಂಚನ್ನು ತಪ್ಪದೆ ತಿರುಗಿಸಿ ನೋಡಬೇಕು. ಕೆನಡಾದವರು ಸೈನಿಕನ ಸಂಖ್ಯೆ, ಹೆಸರು ಕೊರೆಸಿ ಕೊಟ್ಟರು. ಬ್ರಿಟನ್ನಿನವು ಸಾಮಾನ್ಯವಾಗಿ ಖಾಲಿ. ಹೆಸರಿಲ್ಲದ ಪದಕಕ್ಕೆ ಯಾವ ಯೋಧನ ಕಥೆಯನ್ನಾದರೂ ಕಟ್ಟಬಹುದು. ಒಂದೇ ಬಿಲ್ಲೆಯ ಶಾಂತಿಪಾಲನಾ ಪದಕಗಳಲ್ಲಂತೂ ಸಾಮಾನ್ಯ ರಿಬ್ಬನ್ ಬಿಚ್ಚಿ ಅಪರೂಪದ್ದನ್ನು ಏರಿಸಲು ಎರಡು ನಿಮಿಷ ಸಾಕು. ಹಾಗಾಗಿ ಅನುಭವಿಗಳು ಬೆಲೆ ಮಾತಾಡುವ ಮೊದಲು ಕೇಳುವುದು ಸೇವಾ ದಾಖಲೆಯನ್ನು.